ಮೀಟಿಂಗ್ ತಡವರಿಸಿದರೆ: ಕೇಬಲ್, 5 ಗಿಗಾಹರ್ಟ್ಸ್, ಹಾಟ್‌ಸ್ಪಾಟ್ – ಯಾವುದು ವಾಸಿ?

ಆನ್‌ಲೈನ್ ಮೀಟಿಂಗಲ್ಲಿ ದನಿ ಕಡಿದು ಬರಲು ಶುರುವಾದರೆ ಎಲ್ಲರೂ ಮೊದಲು ಮಾಡುವುದು ಸ್ಪೀಡ್ ಟೆಸ್ಟ್. 100 ಎಂಬಿಪಿಎಸ್ ಅಂತ ಬರುತ್ತದೆ, ತಲೆ ಕೆಡುತ್ತದೆ. ನೆಟ್ ಚೆನ್ನಾಗೇ ಇದೆಯಲ್ಲ, ಮತ್ಯಾಕೆ ಹೀಗೆ?

ಜೂಮಿನಲ್ಲಿ ಇಬ್ಬರೇ ಮಾತಾಡುವಾಗ 720ಪಿ ವಿಡಿಯೋಗೆ ಸುಮಾರು 1.2 ಎಂಬಿಪಿಎಸ್ ಸಾಕು. ಬರೀ ದನಿಗೆ 100 ಕೆಬಿಪಿಎಸ್ ಕೂಡ ಬೇಡ. ಹಾಗಾಗಿ ಪ್ಲಾನ್ ದೊಡ್ಡದು ಮಾಡಿಸಿದರೆ ದುಡ್ಡು ಹೋಗುತ್ತದೆ, ತಡವರಿಕೆ ಹೋಗುವುದಿಲ್ಲ. ದನಿ, ಚಿತ್ರ ನೆಟ್‌ನಲ್ಲಿ ಹೋಗುವುದು ಪ್ಯಾಕೆಟ್ ಎಂಬ ಸಣ್ಣ ಚೂರುಗಳಾಗಿ; ಕಾಟ ಕೊಡುವುದು ಆ ಪ್ಯಾಕೆಟ್‌ಗಳು ಒಂದೇ ಹದದಲ್ಲಿ ಬಾರದಿರುವುದು. ಒಂದು ಬೇಗ ಬಂತು, ಇನ್ನೊಂದು ತಡವಾಯಿತು, ಮತ್ತೊಂದು ಬರಲೇ ಇಲ್ಲ. ಬರುವ ಹೊತ್ತಿನ ಈ ಏರುಪೇರೇ ಜಿಟರ್, ಬಾರದೇ ಹೋದದ್ದು ಪ್ಯಾಕೆಟ್ ಲಾಸ್.

ಹೋಲಿಸಿ ನೋಡಲು ನಾನು ಜೂಮಿನ ಸೆಟ್ಟಿಂಗ್ಸ್‌ನಲ್ಲಿರುವ ಸ್ಟ್ಯಾಟಿಸ್ಟಿಕ್ಸ್ ಪುಟ ತೆರೆದಿಟ್ಟುಕೊಂಡೆ. ಮಾತು ನಡೆಯುತ್ತಿರುವಾಗಲೇ ಲೇಟೆನ್ಸಿ (ಪ್ಯಾಕೆಟ್ ತಲುಪಲು ಹಿಡಿಯುವ ಹೊತ್ತು), ಜಿಟರ್, ಪ್ಯಾಕೆಟ್ ಲಾಸ್ ಮೂರೂ ಅಲ್ಲಿ ಕಾಣುತ್ತವೆ. ಲೇಟೆನ್ಸಿ 150 ಮಿಲಿಸೆಕೆಂಡ್, ಜಿಟರ್ 40, ಲಾಸ್ ಶೇ. 2ರ ಒಳಗಿದ್ದರೆ ನಿಶ್ಚಿಂತೆ.

ರೂಟರುಗಳು ಸಾಮಾನ್ಯವಾಗಿ ವೈಫೈ ಕೊಡುವುದು ಎರಡು ತರಂಗಪಟ್ಟಿಗಳಲ್ಲಿ, 2.4 ಮತ್ತು 5 ಗಿಗಾಹರ್ಟ್ಸ್. ಮೊದಲು 2.4 ಗಿಗಾಹರ್ಟ್ಸ್ ವೈಫೈ. ಇದರ ಗುಣ ಒಂದೇ, ಗೋಡೆ ದಾಟಿ ಒಳಕೋಣೆಗೂ ಬರುತ್ತದೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಮನೆಗಳ ವೈಫೈಗಳೂ ಅಲ್ಲೇ ಕಿಕ್ಕಿರಿದಿರುತ್ತವೆ. ಒಂದರ ಮೇಲೊಂದು ಬೀಳದ ಚಾನೆಲ್ (ಪಟ್ಟಿಯೊಳಗಿನ ಓಣಿ) ಇರುವುದೇ ಮೂರು: 1, 6, 11. ಬ್ಲೂಟೂತ್ ಮತ್ತು ಮೈಕ್ರೋವೇವ್ ಓವನ್ ಓಡುವುದೂ ಇದೇ ತರಂಗಪಟ್ಟಿಯಲ್ಲಿ. ಅಡುಗೆಮನೆಯಲ್ಲಿ ಓವನ್ ಆನ್ ಆದ ಕೂಡಲೇ ನನ್ನ ಜಿಟರ್ ಅಂಕಿ ಜಿಗಿಯಿತು, ಓವನ್ ಟಿಂಗ್ ಎಂದ ಮೇಲೆ ಇಳಿಯಿತು. ಸಂಜೆ ಹೊತ್ತು ಓವನ್ ಇಲ್ಲದೆಯೂ ಇದೇ ಕಥೆ.

5 ಗಿಗಾಹರ್ಟ್ಸ್‌ಗೆ ಬದಲಾಯಿಸಿದ ಮೇಲೆ ಹಾಲ್‌ನಲ್ಲಿ ಕೂತರೆ ಸ್ವರ್ಗ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ, ಎರಡು ಗೋಡೆ ಅಡ್ಡ ಬಂದ ಮೇಲೆ, ಲ್ಯಾಪ್‌ಟಾಪ್ ತಾನಾಗೇ 2.4ಕ್ಕೆ ಜಾರುತ್ತದೆ. ರೂಟರಿನಲ್ಲಿ ಎರಡಕ್ಕೂ ಒಂದೇ ಹೆಸರಿದ್ದರೆ ಜಾರಿದ್ದು ಗೊತ್ತೂ ಆಗುವುದಿಲ್ಲ. ಬೇರೆ ಬೇರೆ ಹೆಸರು ಕೊಡಿ. ಪುಕ್ಕಟೆ ಕೆಲಸ, ಲಾಭ ಜಾಸ್ತಿ.

ಹಾಟ್‌ಸ್ಪಾಟ್ ಆಪತ್ತಿಗೆ ಸರಿ, ದಿನಾ ಬೇಡ. ಟವರ್ ಮೇಲಿನ ಹೊರೆ ನಮ್ಮ ಕೈಯಲ್ಲಿಲ್ಲ. ಮೇಲೆ ಕೆಳಗೆ ಎರಡೂ ಕಡೆ 1.2 ಎಂಬಿಪಿಎಸ್ ಹರಿದರೆ ಗಂಟೆಗೆ ಒಂದು ಜಿಬಿ ದಾಟುತ್ತದೆ, ದಿನದ 1.5 ಜಿಬಿ ಪ್ಯಾಕ್ ಮಧ್ಯಾಹ್ನಕ್ಕೇ ಖಾಲಿ. ಬಳಸಲೇಬೇಕಾದರೆ ಫೋನನ್ನು ಯುಎಸ್‌ಬಿ ವೈರಿನಲ್ಲೇ ಸೇರಿಸಿ, ಆಗ ಮಧ್ಯದ ವೈಫೈ ಕಾಟವಾದರೂ ತಪ್ಪುತ್ತದೆ.

ಗೆದ್ದದ್ದು ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ಎಳೆಯುವ ಲ್ಯಾನ್ ಕೇಬಲ್. ಗೆಲುವಿನ ಅಂತರವೂ ಸಣ್ಣದಲ್ಲ. ಜಿಟರ್ ಒಂದಂಕಿಗೆ ಇಳಿಯಿತು, ಲಾಸ್ ಸೊನ್ನೆಗೆ ಅಂಟಿಕೊಂಡಿತು. ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ. ಕ್ಯಾಟ್ 8 ಅಂತ ಅಂಗಡಿಯವರು ತೋರಿಸಿದರೆ ಸುಮ್ನೆ ನಕ್ಕು ಬನ್ನಿ. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಕಿಂಡಿ ಇರುವುದಿಲ್ಲ, ಟೈಪ್-ಸಿ ಅಡಾಪ್ಟರ್ ಬೇಕಾಗುತ್ತದೆ. ಬಾಗಿಲ ಸಂದಿಯಲ್ಲಿ ತೂರಿಸಲು ಚಪ್ಪಟೆ ಕೇಬಲ್ ಒಳ್ಳೆಯದು. ಮನೆಯವರು ಎಡವದಂತೆ ಗೋಡೆಗೆ ಕ್ಲಿಪ್ ಹೊಡೆಯಬೇಕು, ಆ ರಗಳೆ ಮಾತ್ರ ನಿಜ.

ಕೇಬಲ್ ಹಾಕಿದರೂ ಬಗೆಹರಿಯದ್ದು ಒಂದಿದೆ. ಯಾರದೋ ಫೋನು ಫೋಟೋ ಬ್ಯಾಕಪ್ ಶುರುಮಾಡಿದರೆ ಅಪ್‌ಲೋಡ್ ಪೂರ್ತಿ ತುಂಬಿ, ನಮ್ಮ ದನಿ ರೂಟರಿನ ಸರತಿಯಲ್ಲಿ ಹಿಂದೆ ನಿಲ್ಲುತ್ತದೆ. ಮೀಟಿಂಗ್ ಹೊತ್ತಿಗೆ ಬ್ಯಾಕಪ್ ನಿಲ್ಲಿಸುವುದೇ ಸುಲಭ. ರೂಟರಿನಲ್ಲಿ ಕ್ಯೂಒಎಸ್ (ಯಾವುದನ್ನು ಮೊದಲು ಕಳಿಸಬೇಕೆಂದು ಹೇಳುವ ಸೌಲಭ್ಯ) ಇದ್ದರೆ ಲ್ಯಾಪ್‌ಟಾಪಿಗೆ ಮೊದಲ ಸ್ಥಾನ ಕೊಡಬಹುದು.

ಚಾಟ್ ನಿಧಾನವಾದರೆ ಅದು ಬೇರೆ ಕಾಯಿಲೆ. ಟೈಪ್ ಮಾಡಿದ ಅಕ್ಷರವೇ ತಡವಾಗಿ ಮೂಡಿದರೆ ನೆಟ್ಟನ್ನು ಬೈದು ಪ್ರಯೋಜನವಿಲ್ಲ, ಕಂಪ್ಯೂಟರ್ ಏದುಸಿರು ಬಿಡುತ್ತಿದೆ ಅಂತ ಅರ್ಥ. ಹಿನ್ನೆಲೆ ಮಸುಕು ಮಾಡುವ ಬ್ಲರ್ ತೆಗೆದು ನೋಡಿ. ಹಳೇ ಲ್ಯಾಪ್‌ಟಾಪಿನ ಪ್ರೊಸೆಸರ್‌ಗೆ ಅದು ದೊಡ್ಡ ಹೊರೆ. ನನ್ನದರಲ್ಲಿ ಬ್ಲರ್ ತೆಗೆದ ಮೇಲೆ ಫ್ಯಾನಿನ ಗದ್ದಲವೂ ನಿಂತಿತು. ಈಗ ಹಿಂದಿನ ಬಟ್ಟೆ ರಾಶಿ ಎಲ್ಲರಿಗೂ ಕಾಣುತ್ತದೆ, ಅಷ್ಟೇ.