ಕ್ಯಾಟ್ ತಯಾರಿ: ಕೊಡಗಿನ ತೋಟದ ಮನೆಯಲ್ಲೋ, ಮೈಸೂರಿನ ಕೋಚಿಂಗ್‌ನಲ್ಲೋ?

ಐಐಎಂನಂಥ ಕಡೆ ಎಂಬಿಎ ಸೇರಲು ಬರೆಯುವ ಪರೀಕ್ಷೆ ಕ್ಯಾಟ್. ಮೈಸೂರಲ್ಲಿ ಜೊತೆಗೆ ಓದುವವರು ಸಿಗುತ್ತಾರೆ, ಡೌಟ್ ಅಲ್ಲೇ ಬಗೆಹರಿಯುತ್ತದೆ. ಆದರೆ ಪಿಜಿ, ಊಟ, ಫೀಸು ಸೇರಿ ಕೈ ಸುಡುತ್ತದೆ.

ಮನೆಯಲ್ಲಿ ಖರ್ಚು ಕಮ್ಮಿ. ತೊಂದರೆ ಇರೋದು ಮಳೆಗಾಲದಲ್ಲಿ. ಮರ ಬಿದ್ದು ಕರೆಂಟ್ ಹೋದರೆ ನೆಟ್ಟೂ ಹೋಯ್ತು, ಆನ್‌ಲೈನ್ ಮಾಕ್ ಟೆಸ್ಟ್ (ಅಭ್ಯಾಸದ ಪರೀಕ್ಷೆ) ಅರ್ಧಕ್ಕೇ ನಿಂತಿತು. ಕ್ಯಾಟ್‌ನಲ್ಲಿ ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ನಡುವೆ ಇನ್ನೊಂದಕ್ಕೆ ಹಾರುವಂತಿಲ್ಲ. ಆಯ್ಕೆ ಕೊಟ್ಟಿರುವ ಪ್ರಶ್ನೆಗೆ ತಪ್ಪುತ್ತರ ಬರೆದರೆ ಒಂದು ಅಂಕ ಕಟ್. ಗಡಿಯಾರದ ಜೊತೆ ಓಡೋದು ರೂಢಿಯಾಗಲೇಬೇಕು ಅಲ್ವಾ?

ಗಣಿತ ಗಟ್ಟಿಯಿದ್ದರೆ ಮನೆಯೇ ಸಾಕು. ಪಾಠದ ವಿಡಿಯೊ ಮೊದಲೇ ಡೌನ್‌ಲೋಡ್ ಮಾಡಿಡಿ, ಮಾಕ್‌ಗೆ ಮಾತ್ರ ಮಡಿಕೇರಿಯಲ್ಲಿ ಯುಪಿಎಸ್ ಇರುವ ನೆಂಟರ ಮನೆ ಹಿಡಿಯಿರಿ. ಎಸ್ಸೆಸ್ಸೆಲ್ಸಿಗೇ ಗಣಿತ ಬಿಟ್ಟವರು ಸುಮ್ನೆ ಮೈಸೂರಿಗೆ ಹೋಗಿ. ಪರೀಕ್ಷೆ ನವೆಂಬರ್ ಕೊನೆಗೆ, ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿಗೆ. ಈ ಸಲ ತೋಟಕ್ಕೆ ಬರಲ್ಲ ಅಂತ ಮನೆಯಲ್ಲಿ ಈಗಲೇ ಹೇಳಿಡಿ.