ಒಕಿನಾವಾದ ಹಾವಿನ ಎಣ್ಣೆ: ದುಡ್ಡು ಹಾವಿಗೆ, ರುಚಿ ಎಣ್ಣೆಗೆ

ಮೊದ್ಲೇ ಹೇಳ್ಬಿಡ್ತೀನಿ, ಕುಡಿದೆ, ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೀನಿ. ಇದರ ಹೆಸರು ಹಬುಶು. ಹಬು ಅಂದ್ರೆ ಜಪಾನಿನ ಒಕಿನಾವಾ ಕಡೆ ಸಿಗೋ ವಿಷದ ಹಾವು, ನಮ್ಮ ಕೊಳಕುಮಂಡಲದ ದೂರದ ನೆಂಟ ಅನ್ಕೊಳ್ಳಿ. ಶು ಅಂದ್ರೆ ಎಣ್ಣೆ, ಅದೇ ಕುಡಿಯೋ ಎಣ್ಣೆ. ಅಷ್ಟೇ.

ನಾನಿರೋದು ಯೊಕೊಹಾಮಾದಲ್ಲಿ, ಮೂರು ದಿನ ರಜಾ ಸಿಕ್ತು ಅಂತ ದಾವಣಗೆರೆ ಕಡೆಯ ನನ್ನ ರೂಮ್‌ಮೇಟ್ ಜೊತೆ ಒಕಿನಾವಾದ ಮುಖ್ಯ ಊರು ನಾಹಾಗೆ ಹೋಗಿದ್ದೆ. ಅಲ್ಲಿ ಕೊಕುಸಾಯ್ ದೋರಿ ಅಂತ ಮೇನ್ ರೋಡಿದೆ, ನಮ್ಮ ಕಮರ್ಷಿಯಲ್ ಸ್ಟ್ರೀಟ್ ಥರಾನೇ, ಊರಿಗೆ ಬಂದೋರೆಲ್ಲ ಅಲ್ಲೇ ಶಾಪಿಂಗು. ಅಂಗಡಿ ಬಾಗಿಲಲ್ಲೇ ದೊಡ್ಡ ಗಾಜಿನ ಜಾಡಿ, ಒಳಗೆ ಹಾವು ಸುತ್ತಿಕೊಂಡು ಬಾಯಿ ತೆಕ್ಕೊಂಡು ಕೂತಿರುತ್ತೆ, ಕೋರೆಹಲ್ಲು ಸಮೇತ. ಹತ್ರ ಹೋಗಿ ಬಗ್ಗಿ ನೋಡಿದೆ, ಹೊಟ್ಟೆ ಉದ್ದಕ್ಕೂ ಸೀಳಿರೋ ಗೆರೆ, ಚರ್ಮ ಬಣ್ಣ ಮಾಸಿ ಹಳೇ ಬೆಲ್ಟ್ ಥರ ಆಗಿದೆ, ಕಣ್ಣು ಬೆಂದ ಮೀನಿನ ಕಣ್ಣಿನ ಹಾಗೆ ಬಿಳಿ. ಹೊಟ್ಟೆ ಯಾಕೆ ಸೀಳೋದು ಅಂದ್ರೆ ಕರುಳು ತೆಗೆಯೋಕೆ, ಅದನ್ನ ಬಿಟ್ರೆ ಇಡೀ ಬಾಟಲ್ ಗಬ್ಬು ನಾತ.

ಈಗ ರುಚಿ ವಿಷ್ಯ. ನಾನು ಮೀನು ವಾಸನೆ ಬರುತ್ತೆ ಅನ್ಕೊಂಡು ಮೂಗು ಮುಚ್ಚಿ ರೆಡಿಯಾಗಿದ್ದೆ, ಬಂದಿದ್ದು ದಶಮೂಲಾರಿಷ್ಟ! ನಿಜವಾಗ್ಲೂ. ಬಾಣಂತಿ ಮನೇಲಿ ಇರುತ್ತಲ್ಲ ಆ ಕಂದು ಬಾಟಲ್, ಅದಕ್ಕೆ ಒಂದು ಪೆಗ್ ಸ್ಟ್ರಾಂಗ್ ಎಣ್ಣೆ ಸೇರಿಸಿದ ಹಾಗೆ. ಯಾಕಂದ್ರೆ ಇದರಲ್ಲಿ ಗಿಡಮೂಲಿಕೆ, ಜೇನುತುಪ್ಪ ಎಲ್ಲಾ ಹಾಕಿರ್ತಾರೆ, ಆ ಹಳದಿ ಬಣ್ಣ, ಸಿಹಿ, ಕಹಿ ಎಲ್ಲಾ ಅದರದ್ದೇ. ಇದರ ಮೂಲ ಎಣ್ಣೆ ಅವಾಮೊರಿ, ಅದು ಒಕಿನಾವಾದಲ್ಲಿ ಮನೆಮಾತಾದ ಎಣ್ಣೆ, ಥಾಯ್ಲೆಂಡಿನ ಉದ್ದಕ್ಕಿಗೆ ಕಪ್ಪು ಬೂಷ್ಟು ಹಿಡಿಸಿ ಹುದುಗಿಸಿ ಭಟ್ಟಿ ಇಳಿಸೋದು. ಜಪಾನಿನ ಅಕ್ಕಿ ವೈನ್ ಸಾಕೆ ಥರ ಮೆತ್ತಗಿರಲ್ಲ, ಗಂಟಲಲ್ಲಿ ಸುಟ್ಕೊಂಡೇ ಇಳಿಯುತ್ತೆ. ಹಾವಿನ ರುಚಿ ಎಲ್ಲಿ ಅಂತ ನಾಲಿಗೆ ಮೇಲೆ ಹೊರಳಾಡಿಸಿ ಹೊರಳಾಡಿಸಿ ಹುಡುಕಿದೆ, ಸಿಗ್ಲಿಲ್ಲ.

ವಿಷ? ಹಾವಿನ ವಿಷ ಅಂದ್ರೆ ಹೆಚ್ಚುಕಮ್ಮಿ ಪ್ರೋಟೀನು, ಸ್ಟ್ರಾಂಗ್ ಆಲ್ಕೋಹಾಲ್‌ನಲ್ಲಿ ತಿಂಗಳುಗಟ್ಟಲೆ ನೆನೆದ್ರೆ ಅದರ ಆಟ ಮುಗೀತು. ಹಂಗಂತ ಯಾರೋ ಮನೇಲಿ ಮಾಡಿದ್ದು ಅಂತ ಕೊಟ್ರೆ ನಾನಂತೂ ಮುಟ್ಟಲ್ಲ.

ಅಂಗಡಿ ಬಗ್ಗೆ ಹೇಳ್ಬೇಕು, ಹೆಸರು ಬೇಡ. ಸೇಲ್ಸ್‌ನವನು ಚಿಕ್ಕ ಕಪ್ಪಲ್ಲಿ ಟೇಸ್ಟ್ ಕೊಟ್ಟ, ಒಳ್ಳೇದು, ಆಮೇಲೆ ಶುರುವಾಯ್ತು ಮೋಡಿ ಮಾತು. ಹಬು ಹಾವು ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಕೂಡುತ್ತಂತೆ, ಕುಡಿದ್ರೆ ಆ ಶಕ್ತಿ ನಮಗೂ ಬರುತ್ತಂತೆ, ಕಣ್ಣು ಮಿಟುಕಿಸ್ತಾ ಹೇಳ್ತಾನೆ, ಬಸ್ ಸ್ಟ್ಯಾಂಡ್ ಪಕ್ಕ ಟೆಂಟ್ ಹಾಕೋ ಗುಪ್ತ ರೋಗ ಸ್ಪೆಷಲಿಸ್ಟ್ ನೆನಪಾದ. ನನ್ನ ರೂಮ್‌ಮೇಟ್ ಆ ಮೋಡಿಗೆ ಬಿದ್ದ. ಹಾವಿರೋ ಬಾಟಲ್ 20,000 ಯೆನ್ ಮೇಲೆ. ನಾನು ಹಾವಿಲ್ಲದ 100 ಎಂಎಲ್ ಚಿಕ್ಕ ಬಾಟಲ್ ತಗೊಂಡೆ, 1,200 ಯೆನ್. ರೂಮಿಗೆ ಬಂದು ಎರಡನ್ನೂ ಪಕ್ಕಪಕ್ಕ ಸುರಿದು ಕುಡಿದ್ವಿ, ಕಣ್ಣು ಮುಚ್ಚಿಕೊಂಡು ಯಾವುದು ಯಾವುದು ಅಂತ ಇಬ್ಬರಿಗೂ ಹೇಳೋಕಾಗ್ಲಿಲ್ಲ. "ಮಗಾ ನನ್ನದ್ರಲ್ಲಿ ಹಾವಿದೆ ಕಣೋ" ಅಂತ ಅವನದು ಒಂದೇ ರಾಗ. ಇದೆ ಮಾರಾಯ, ನೋಡ್ತಾ ಕೂರು. ಸಾಲದ್ದಕ್ಕೆ ಅಂಗಡಿಯವರ ಪ್ಯಾಕಿಂಗ್ ಎಷ್ಟು ಚೆನ್ನಾಗಿತ್ತು ಅಂದ್ರೆ ವಾಪಸ್ ಬರೋವಾಗ ಮುಚ್ಚಳ ಸಡಿಲ ಆಗಿ ಸೂಟ್‌ಕೇಸ್ ಪೂರ್ತಿ ಆಯುರ್ವೇದ ಅಂಗಡಿ ವಾಸನೆ.

ಟೈಮಿದ್ರೆ ನಾಹಾದಿಂದ ದಕ್ಷಿಣಕ್ಕೆ ಒಕಿನಾವಾ ವರ್ಲ್ಡ್ ಅನ್ನೋ ಥೀಮ್ ಪಾರ್ಕ್‌ಗೆ ಹೋಗಿ. ಹಬುಶು ಅಲ್ಲೂ ಸಿಗುತ್ತೆ, ಹಾವುಗಳ ಮ್ಯೂಸಿಯಂ ಇದೆ, ಕೆಳಗೆ ಗ್ಯೋಕುಸೆಂದೋ ಗುಹೆ, ಸುಮಾರು 5 ಕಿಲೋಮೀಟರ್ ಉದ್ದದ್ದು, ಅದರಲ್ಲಿ 890 ಮೀಟರ್ ನಡೆದು ನೋಡಬಹುದು. ನನಗೆ ಎಣ್ಣೆಗಿಂತ ಇಷ್ಟ ಆಗಿದ್ದು ಮುಂಗುಸಿ ಕಥೆ. ಹಬು ಕಾಟ ತಡೀಲಾರದೆ 1910ರಲ್ಲಿ ಒಬ್ಬ ಪ್ರಾಣಿಶಾಸ್ತ್ರಜ್ಞ ಗಂಗಾ ನದಿ ಮುಖಜಭೂಮಿ ಕಡೆಯಿಂದ ಮುಂಗುಸಿ ತರಿಸಿ ಒಕಿನಾವಾದಲ್ಲಿ ಬಿಡಿಸಿದ್ರು, ನಮ್ಮ ದೇಶದ ಮುಂಗುಸಿ ಸ್ವಾಮೀ! ಆದ್ರೆ ಹಬು ಓಡಾಡೋದು ರಾತ್ರಿ, ಮುಂಗುಸಿ ಡ್ಯೂಟಿ ಹಗಲು. ಶಿಫ್ಟೇ ಮ್ಯಾಚ್ ಆಗ್ಲಿಲ್ಲ. ಮುಂಗುಸಿ ಹಾವು ಬಿಟ್ಟು ಹಾರೋಕೆ ಬಾರದ ಯಾನ್ಬಾರು ಕುಯಿನಾ ಅನ್ನೋ ಹಕ್ಕಿ ತಿನ್ನೋಕೆ ಶುರು ಮಾಡ್ತು. ಪಕ್ಕದ ಅಮಾಮಿ ಓಶಿಮಾ ದ್ವೀಪಕ್ಕೂ 1979ರಲ್ಲಿ ಬಿಟ್ಟಿದ್ರು, ಅಲ್ಲಿ ಪೂರ್ತಿ ಹಿಡಿದು ಮುಗಿಸಿದ್ವಿ ಅಂತ ಘೋಷಣೆ ಆಗಿದ್ದು 2024ರಲ್ಲಿ. ಹಿಂದೆ ಟೂರಿಸ್ಟ್‌ಗಳಿಗೆ ಅಂತ ಹಬು ಮುಂಗುಸಿ ಫೈಟ್ ಬೇರೆ ಮಾಡಿಸ್ತಿದ್ರಂತೆ, ಈಗ ಇಲ್ಲ, ನಿಂತಿದ್ದೇ ಒಳ್ಳೇದಾಯ್ತು.

ಊರಿಗೆ ಗಿಫ್ಟ್ ಅಂತ ಹಾವಿರೋ ಬಾಟಲ್ ತರೋ ಐಡಿಯಾ ಇದ್ರೆ ಬಿಟ್ಬಿಡಿ, ಏರ್‌ಪೋರ್ಟಲ್ಲಿ ಕಸ್ಟಮ್ಸ್‌ನವರ ಜೊತೆ ಕಾಡುಪ್ರಾಣಿ ಕಾನೂನಿನ ಪಾಠ ಯಾಕೆ ಬೇಕು. ವಿಯೆಟ್ನಾಂಗೆ ಹೋದವರು ಇನ್ನೂ ಹುಷಾರು, ಅಲ್ಲಿ ಬಾಟಲಲ್ಲಿ ಇಡೋದು ಎಷ್ಟೋ ಸಲ ನಾಗರಹಾವು, ಅದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರ್ಮಿಟ್ ಬೇಕಾದ ಪಟ್ಟಿಯಲ್ಲಿದೆ.

ಐದಕ್ಕೆ ಚಿಕ್ಕ ಬಾಟಲಿಗೆ ಮೂರೂವರೆ, ಹಾವಿನ ಬಾಟಲಿಗೆ ಒಂದೂವರೆ. ಐಸು, ನೀರು ಹಾಕಿ ಕುಡೀರಿ, ಹಂಗೇ ಎತ್ತಬೇಡಿ. ಅದಕ್ಕಿಂತ ಅದೇ ದುಡ್ಡಿಗೆ ಕೂಸು ತಗೊಳ್ಳಿ, ಅಂದ್ರೆ ಕಮ್ಮಿ ಅಂದ್ರೂ ಮೂರು ವರ್ಷ ಹಳೇ ಅವಾಮೊರಿ, ಅದು ಬೇರೆ ಲೆವೆಲ್ಲು. ರೂಮ್‌ಮೇಟ್ ಬಾಟಲ್ ಈಗ ನಮ್ಮ ಫ್ರಿಜ್ ಮೇಲಿದೆ. ಅಮ್ಮ ವಿಡಿಯೋ ಕಾಲಲ್ಲಿ ನೋಡಿ "ಅದೇನೋ ಹಿಂದೆ, ಉಪ್ಪಿನಕಾಯಿನಾ?" ಅಂದ್ರು, ಹ್ಞೂ ಅಂದೆ. ಅವರು ವರ್ಷಾ ವರ್ಷಾ ಷಷ್ಠಿಗೆ ಕುಕ್ಕೆಗೆ ಹೋಗಿ ಬರೋರು. ಈಗ ಅದರ ಮೇಲೆ ಟವೆಲ್ ಹೊದಿಸಿದೀವಿ.