ಅಲಾರಾಂ ಇರುವ ಡಿಸ್ಕ್ ಲಾಕ್: ಹದಿನಾಲ್ಕು ತಿಂಗಳ ತಿರುಗಾಟದ ನಂತರ

ಕಳೆದ ವರ್ಷ ಕರಾವಳಿಯ ಒಂದು ಊರಿನಲ್ಲಿ, ಲಾಡ್ಜಿನ ಮುಂದೆ ಸಾಲಾಗಿ ನಿಲ್ಲಿಸಿದ್ದ ನಮ್ಮ ನಾಲ್ಕು ಬೈಕುಗಳಲ್ಲಿ ಒಂದು ಬೆಳಗಾಗುವಷ್ಟರಲ್ಲಿ ಕಾಣೆಯಾಗಿತ್ತು. ಗಾಡಿ ನಿಂತಿದ್ದ ಜಾಗದಲ್ಲಿ ಸೈಡ್ ಸ್ಟ್ಯಾಂಡ್ ಮಣ್ಣಿಗೆ ಊರಿ ಮಾಡಿದ್ದ ಸಣ್ಣ ಗುಳಿಯೊಂದೇ ಉಳಿದಿತ್ತು. ಅದನ್ನೇ ನೋಡುತ್ತ ನಿಂತ ಗೆಳೆಯ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು: ‘ಹ್ಯಾಂಡಲ್ ಲಾಕ್ ಹಾಕಿದ್ದೆನಲ್ಲೋ.’ ಊರಿಗೆ ಮರಳಿದ ವಾರದಲ್ಲೇ ನಾನು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅಲಾರಾಂ ಇರುವ ಒಂದು ಡಿಸ್ಕ್ ಲಾಕ್, ಎಂದರೆ ಚಕ್ರದ ಬ್ರೇಕ್ ತಟ್ಟೆಗೆ ಹಾಕುವ ಬೀಗ, ಕೊಂಡು ತಂದೆ. ಅಂದಿನಿಂದ ಹದಿನಾಲ್ಕು ತಿಂಗಳು ಆಗುಂಬೆ, ಗೋಕರ್ಣ, ಹಂಪಿ, ಬಾದಾಮಿ, ಕೊಡಗು ಎಂದು ಹೋದಲ್ಲೆಲ್ಲ ಅದು ನನ್ನ ಜೊತೆಯಲ್ಲಿದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮಾಲು ಹತ್ತು ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ಕಂಪನಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ.

ಹ್ಯಾಂಡಲ್ ಲಾಕ್ ಎಷ್ಟು ಬಡ ವ್ಯವಸ್ಥೆ ಎಂಬುದು ನನಗೂ ಆ ಕಳ್ಳತನದ ನಂತರವೇ ಅರ್ಥವಾದದ್ದು. ಕೀಲಿ ತಿರುಗಿಸಿದಾಗ ಒಂದು ಸಣ್ಣ ಕಡ್ಡಿ ಹೊರಬಂದು ಹ್ಯಾಂಡಲ್ ತಿರುಗದಂತೆ ತಡೆಯುತ್ತದೆ, ಅದರ ಕೆಲಸ ಅಷ್ಟೇ. ಹ್ಯಾಂಡಲ್ಲೇ ಉದ್ದನೆಯ ಸನ್ನೆಗೋಲಿನಂತೆ ಇರುವುದರಿಂದ, ಅದರ ತುದಿಗೆ ಕಾಲು ಕೊಟ್ಟು ಜೋರಾಗಿ ಒದ್ದರೆ ಆ ಕಡ್ಡಿ ಬಗ್ಗುತ್ತದೆ ಇಲ್ಲವೇ ಮುರಿಯುತ್ತದೆ. ಅನೇಕ ಬೈಕುಗಳಲ್ಲಿ ಕೀಲಿಯ ಹಿಂದಿನ ಸಾಕೆಟ್ ಬಿಚ್ಚಿ ಎರಡು ವೈರು ಕೂಡಿಸಿದರೆ ಇಂಜಿನ್ ಚಾಲೂ ಆಗುತ್ತದೆ. ಹಳೆಯ ಗಾಡಿಗಳಾದರೆ ಕೀಲಿರಂಧ್ರವೇ ಎಷ್ಟು ಸವೆದಿರುತ್ತದೆಂದರೆ ಬೇರೆ ಗಾಡಿಯ ಕೀಲಿಯೂ ತಿರುಗಿಬಿಡುತ್ತದೆ. ಮೆಕ್ಯಾನಿಕ್ಕುಗಳಿಗೆ ಇದೆಲ್ಲ ನಿತ್ಯದ ವಿಷಯ. ನಾವು ಮಾತ್ರ ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡು ನೆಮ್ಮದಿಯಿಂದ ಮಲಗುತ್ತೇವೆ.

ಡಿಸ್ಕ್ ಲಾಕ್ ತಡೆಯುವುದು ಚಕ್ರವನ್ನು. ಮುಷ್ಟಿಗಿಂತ ತುಸು ದೊಡ್ಡದಾದ ಈ ಲೋಹದ ಗಟ್ಟಿಯ ನಡುವೆ ಒಂದು ಸೀಳಿದೆ. ಬ್ರೇಕ್ ಡಿಸ್ಕನ್ನು ಆ ಸೀಳಿನೊಳಗೆ ಕೂರಿಸಿ ಪಿನ್ನನ್ನು ಒತ್ತಿದರೆ, ಅದು ಡಿಸ್ಕಿನ ರಂಧ್ರದ ಮೂಲಕ ಹಾದು ಆಚೆ ಬದಿಗೆ ಕಚ್ಚಿಕೊಳ್ಳುತ್ತದೆ. ಹಾಕುವಾಗ ಕೀಲಿ ಬೇಡ, ತೆಗೆಯುವಾಗ ಮಾತ್ರ ಬೇಕು. ನಾನು ಕೊಟ್ಟದ್ದು ಸಾವಿರದ ನಾನೂರು ರೂಪಾಯಿ. ಪೆಟ್ಟಿಗೆಯಲ್ಲಿ ಮೂರು ಕೀಲಿ, ಆರು ಬಟನ್ ಸೆಲ್, ಒಂದು ಸಣ್ಣ ಅಲೆನ್ ಕೀ ಮತ್ತು ಕಿತ್ತಳೆ ಬಣ್ಣದ ಸುರುಳಿ ವೈರು ಇದ್ದವು. ಕೊಳ್ಳುವವರು ಗಾಡಿಯನ್ನೇ ಅಂಗಡಿಯ ಮುಂದೆ ನಿಲ್ಲಿಸಿ ಪಿನ್ ಇಳಿಯುತ್ತದೆಯೇ ಎಂದು ನೋಡಿಯೇ ಹಣ ಕೊಡಬೇಕು. ಅಂಗಡಿಯವರು ಮೊದಲು ತೋರಿಸಿದ 10 ಮಿ.ಮೀ. ಪಿನ್ನಿನ ಲಾಕ್ ನನ್ನ ಗಾಡಿಯ ಡಿಸ್ಕಿನ ರಂಧ್ರಗಳಿಗೆ ಇಳಿಯಲೇ ಇಲ್ಲ. ಕೊನೆಗೆ 6 ಮಿ.ಮೀ. ಪಿನ್ನಿನದನ್ನು ತಂದೆ. ಪಿನ್ ತೆಳುವಾದಷ್ಟೂ ಕತ್ತರಿಸುವುದು ಸುಲಭ ಎಂಬ ಅಸಮಾಧಾನವನ್ನು ಅಂದೇ ನುಂಗಿಕೊಂಡೆ. ಹಾಕುವ ಜಾಗವೂ ಮುಖ್ಯವಾದದ್ದು. ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ಹತ್ತಿರವಾಗಿ ಹಾಕಿದರೆ ಚಕ್ರ ಸ್ವಲ್ಪವೂ ಉರುಳುವುದಿಲ್ಲ, ದೂರ ಹಾಕಿದರೆ ಅರ್ಧ ಸುತ್ತು ಉರುಳಿದ ಮೇಲಷ್ಟೇ ತಡೆಯುತ್ತದೆ.

ಅಲಾರಾಮಿನ ಕೆಲಸ ಸರಳವಾಗಿದೆ. ಪಿನ್ನಿನ ಮೇಲಿನ ಚುಕ್ಕೆ ಒಂದು ದಿಕ್ಕಿಗಿದ್ದರೆ ಅಲಾರಾಂ ಚಾಲೂ, ತಿರುಗಿಸಿ ಹಾಕಿದರೆ ಅದು ಬರೀ ಬೀಗ. ಗಾಡಿ ಅಲುಗಿದರೆ ಮೊದಲು ಎಚ್ಚರಿಕೆಯಂತೆ ಸಣ್ಣಗೆ ಕೂಗುತ್ತದೆ. ಅಲುಗಾಟ ಮುಂದುವರಿದರೆ ಹತ್ತು ಸೆಕೆಂಡು ಕಿವಿ ಕಿತ್ತುಹೋಗುವಂತೆ ಅರಚುತ್ತದೆ. ಪೆಟ್ಟಿಗೆಯ ಮೇಲೆ 110 ಡೆಸಿಬಲ್ ಎಂದು ಬರೆದಿದೆ. ಅಳೆಯುವ ಉಪಕರಣ ನನ್ನಲ್ಲಿಲ್ಲ, ಆದರೆ ಹಂಪಿಯ ಬಳಿಯ ಕಮಲಾಪುರದಲ್ಲಿ ಅದನ್ನು ಅಳೆದದ್ದು ಒಂದು ಹಸು. ರಾತ್ರಿ ಎರಡರ ಸುಮಾರಿಗೆ ಆ ಹಸು ಕತ್ತು ತುರಿಸಿಕೊಳ್ಳಲು ನನ್ನ ಗಾಡಿಯ ಹಿಂಬದಿಯನ್ನು ಆರಿಸಿಕೊಂಡಿತು. ಲಾಕ್ ಕೂಗಿದ್ದಕ್ಕೆ ನಾವು ಉಳಿದುಕೊಂಡಿದ್ದ ಮನೆಯವರಲ್ಲದೆ ಎದುರು ಮನೆಯವರೂ ಟಾರ್ಚ್ ಹಿಡಿದು ಹೊರಬಂದರು. ಹಸು ಮಾತ್ರ ಎರಡು ಹೆಜ್ಜೆ ಸರಿದು ನಿಂತು ಎಲ್ಲರನ್ನೂ ನಿಧಾನವಾಗಿ ನೋಡಿತು. ಮನೆಯ ಅಜ್ಜಿ ‘ಅದೇನಪ್ಪಾ ಗಾಡಿಯೊಳಗೆ ಕೂಸು ಇಟ್ಟೀಯೇನು’ ಎಂದು ಕೇಳಿದರು. ಉಳಿದ ರಾತ್ರಿ ಚುಕ್ಕೆಯನ್ನು ತಿರುಗಿಸಿಯೇ ಹಾಕಬೇಕಾಯಿತು.

ಆ ಊರಿನಲ್ಲಿ ಅದು ಉಪಯೋಗಕ್ಕೆ ಬಂದದ್ದು ಕೇಳುವ ಕಿವಿಗಳು ಹತ್ತಿರದಲ್ಲಿದ್ದದ್ದರಿಂದ. ಹೆದ್ದಾರಿ ಬದಿಯ ಲಾಡ್ಜಿನ ಎರಡನೆಯ ಮಹಡಿಯಲ್ಲಿ, ಕಿಟಕಿ ಮುಚ್ಚಿ ಫ್ಯಾನ್ ಹಾಕಿಕೊಂಡು ಮಲಗಿದ್ದಾಗ, ಗೆಳೆಯನಿಗೆ ಬೇಕೆಂದೇ ಕೆಳಗೆ ಹೋಗಿ ಗಾಡಿ ಅಲುಗಿಸಲು ಹೇಳಿದೆ. ಲಾರಿಗಳ ಹಾರ್ನಿನ ನಡುವೆ ಕ್ಷೀಣವಾದ ಒಂದು ಕೀರಲು ಧ್ವನಿ ಕೇಳಿಸಿತೇ ಹೊರತು ನಿದ್ದೆಯಿಂದ ಎಬ್ಬಿಸುವ ಶಕ್ತಿ ಅದಕ್ಕಿರಲಿಲ್ಲ. ಅಂದಿನಿಂದ ನಾನು ಕೋಣೆ ಕೇಳುವಾಗ ಮೊದಲು ವಿಚಾರಿಸುವುದು ಬಿಸಿನೀರನ್ನಲ್ಲ, ಗಾಡಿ ನಿಲ್ಲಿಸುವ ಜಾಗ ಕಾಣುವ ಕಿಟಕಿಯನ್ನು. ಮಳೆಯ ವಿಷಯದಲ್ಲಿ ಈ ಲಾಕ್ ಇನ್ನೂ ದುರ್ಬಲ. ಆಗುಂಬೆಯಲ್ಲಿ ಎರಡು ರಾತ್ರಿ ಹೊರಗೆ ನೆನೆದ ಮೇಲೆ ಮೂರನೆಯ ದಿನ ಅದು ಕಾರಣವಿಲ್ಲದೆ ಕೂಗತೊಡಗಿತು, ಸಂಜೆಯ ಹೊತ್ತಿಗೆ ಸಂಪೂರ್ಣ ಮೂಕವಾಯಿತು. ಅಲೆನ್ ಕೀಯಿಂದ ಬಿಚ್ಚಿ ನೋಡಿದರೆ ಸೆಲ್ಲುಗಳ ಮೇಲೆ ಹಸಿರು ಪಾಚಿಯಂತಹ ಕಿಲುಬು ಹಿಡಿದಿತ್ತು. ಬಟ್ಟೆಯಿಂದ ಒರೆಸಿ, ಎಲ್‌ಆರ್44 ಎಂಬ ಹೊಸ ಸೆಲ್ಲುಗಳನ್ನು ಗಡಿಯಾರದ ಅಂಗಡಿಯಿಂದ ತಂದು ಹಾಕಿದ ಮೇಲೆ ಸರಿಹೋಯಿತು. ಗಮನಿಸಬೇಕಾದದ್ದೆಂದರೆ, ಅಲಾರಾಂ ಸತ್ತಾಗಲೂ ಬೀಗ ಬೀಗವಾಗಿಯೇ ಉಳಿಯಿತು. ಈಗ ಮಳೆಗಾಲದಲ್ಲಿ ಅದರ ಮೇಲೊಂದು ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟುತ್ತೇನೆ. ಚೆಂದ ಕಾಣುವುದಿಲ್ಲ, ಕೆಲಸ ನಡೆಯುತ್ತದೆ.

ಈ ಲಾಕಿನಿಂದ ನನಗಾದ ದೊಡ್ಡ ನಷ್ಟಕ್ಕೆ ಮಾತ್ರ ಕಳ್ಳನೂ ಕಾರಣನಲ್ಲ, ಮಳೆಯೂ ಕಾರಣವಲ್ಲ, ನನ್ನ ಮರೆವು ಕಾರಣ. ಲಾಕ್ ಹಾಕಿದೆ ಎಂದು ನೆನಪಿಸಲು ಲಾಕಿನಿಂದ ಹ್ಯಾಂಡಲ್ಲಿಗೆ ಕಟ್ಟಬೇಕಾದ ಕಿತ್ತಳೆ ವೈರನ್ನು ನಾನು ಕಿತ್ತು ಒದ್ದೆ ಬಟ್ಟೆ ಒಣಗಿಸಲು ಬಳಸಿಕೊಂಡಿದ್ದೆ. ಬಾದಾಮಿಯಲ್ಲಿ ಸೂರ್ಯೋದಯಕ್ಕೆ ಅಗಸ್ತ್ಯ ತೀರ್ಥದ ದಂಡೆಯಲ್ಲಿರಬೇಕೆಂಬ ಆತುರದಲ್ಲಿ ಲಾಕ್ ತೆಗೆಯುವುದನ್ನು ಮರೆತು ಗಾಡಿ ಚಾಲೂ ಮಾಡಿ ಗೇರ್ ಹಾಕಿ ಕ್ಲಚ್ ಬಿಟ್ಟೆ. ಹಿಂದಿನ ರಾತ್ರಿ ಅಲಾರಾಂ ಚುಕ್ಕೆಯನ್ನು ತಿರುಗಿಸಿಯೇ ಹಾಕಿದ್ದರಿಂದ ಅದು ಕೂಗಲೂ ಇಲ್ಲ. ಲಾಕ್ ಅರ್ಧ ಸುತ್ತು ತಿರುಗಿ ಕ್ಯಾಲಿಪರಿಗೆ ಬಡಿಯಿತು, ಮುಂದಿನ ಚಕ್ರ ಕಲ್ಲಾಗಿ ನಿಂತಿತು, 195 ಕೆ.ಜಿ.ಯ ನನ್ನ ಕ್ಲಾಸಿಕ್ 350 ಬೈಕು ಬಲಕ್ಕೆ ವಾಲಿ ನನ್ನನ್ನೂ ಜೊತೆಗೆ ಕೆಡವಿತು. ಬ್ರೇಕ್ ಲಿವರ್, ಒಂದು ಇಂಡಿಕೇಟರ್, ಮೊಣಕಾಲಿನ ಚರ್ಮ ಇಷ್ಟು ಹೋದವು. ಡಿಸ್ಕ್ ಬಗ್ಗದಿದ್ದದ್ದು ಪುಣ್ಯ, ವೇಗ ಇರಲಿಲ್ಲ. ಆ ಹತ್ತು ರೂಪಾಯಿಯ ವೈರು ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಎಂದು ಈಗ ಯಾವ ಸಂಕೋಚವೂ ಇಲ್ಲದೆ ಬರೆಯಬಲ್ಲೆ.

ಡಿಸ್ಕ್ ಲಾಕ್ ಗಾಡಿಯನ್ನು ಉರುಳದಂತೆ ಹಿಡಿಯುತ್ತದೆಯೇ ವಿನಾ ಎತ್ತದಂತೆ ಹಿಡಿಯಲಾರದು. ಮೂರು ಜನ ಸೇರಿದರೆ ಎಂತಹ ಬೈಕನ್ನಾದರೂ ಗೂಡ್ಸ್ ಆಟೋಗೆ ಏರಿಸಬಹುದು. ಆದ್ದರಿಂದ ರಾತ್ರಿ ತಂಗುವ ಪ್ರಯಾಣಗಳಿಗೆ ಇದರ ಜೊತೆಗೊಂದು ಸರಪಳಿ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ನನ್ನಲ್ಲಿರುವುದು 10 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನ ಕೊಂಡಿಗಳ, ಬಟ್ಟೆಯ ಕವಚದ ಸರಪಳಿ. ಬೀಗ ಸೇರಿ ಮೂರು ಕೆ.ಜಿ.ಯ ಹತ್ತಿರ ತೂಗುತ್ತದೆ. ಅದನ್ನು ಹಿಂದಿನ ಚಕ್ರ ಮತ್ತು ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎರಡನ್ನೂ ಸುತ್ತಿ ಬರುವಂತೆ, ಕಂಬಕ್ಕೋ ಗೇಟಿನ ಕಂಬಿಗೋ ಮರಕ್ಕೋ ಸುತ್ತುತ್ತೇನೆ, ಏಕೆಂದರೆ ಮುಂದಿನ ಚಕ್ರಕ್ಕೆ ಮಾತ್ರ ಕಟ್ಟಿದರೆ ಆ ಚಕ್ರವನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಒಯ್ಯಲು ಸಾಧ್ಯ. ಸರಪಳಿ ನೆಲಕ್ಕೆ ತಾಗಿರಬಾರದು. ತಾಗಿದ್ದರೆ ಸರಪಳಿ ಕತ್ತರಿಸುವ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿ ಒತ್ತುವುದು ಸುಲಭವಾಗುತ್ತದೆ. ಕಟ್ಟಲು ಏನೂ ಸಿಗದಿದ್ದರೆ ಎರಡು ಬೈಕುಗಳನ್ನು ಒಂದಕ್ಕೊಂದು ಕಟ್ಟಿಹಾಕಿದರೂ ಆಯಿತು. ಬ್ಯಾಟರಿಯ ಗ್ರೈಂಡರ್ ಹಿಡಿದು ಬಂದವನ ಮುಂದೆ ಈ ಬೆಲೆಯ ಯಾವ ಸರಪಳಿಯೂ ಹೆಚ್ಚು ಹೊತ್ತು ನಿಲ್ಲದು ಎಂಬುದೂ ನಿಜ. ಬ್ರಿಟನ್ನಿನಲ್ಲಿ ಸೋಲ್ಡ್ ಸೆಕ್ಯೂರ್, ನೆದರ್ಲೆಂಡ್ಸಿನಲ್ಲಿ ಎ.ಆರ್.ಟಿ. ಎಂಬ ಸಂಸ್ಥೆಗಳು ಬೀಗಗಳನ್ನು ಒಡೆದು ನೋಡಿ ದರ್ಜೆ ಕೊಡುತ್ತವೆ. ನಮ್ಮ ಅಂಗಡಿಗಳಲ್ಲಿ ನಾನು ಕೈಗೆತ್ತಿಕೊಂಡ ಯಾವ ಪೆಟ್ಟಿಗೆಯ ಮೇಲೂ ಅಂತಹ ಗುರುತಿರಲಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿಯ ಲಾಕುಗಳಂತೂ ಹೆಲ್ಮೆಟ್ಟು, ಬ್ಯಾಗು ಕಟ್ಟುವುದಕ್ಕೆ ಮಾತ್ರ ಸಾಕು.

ಜಿಪಿಎಸ್ ಟ್ರ್ಯಾಕರನ್ನು ಗೆಳೆಯ ಹೊಸ ಗಾಡಿಗೆ ಹಾಕಿಸಿದ್ದಾನೆ. ಅದು ಕಳವನ್ನು ತಡೆಯುವುದಿಲ್ಲ, ಕಳವಾದ ಮೇಲೆ ಜಾಡು ತೋರಿಸುತ್ತದೆ. ಒಳಗಿನ ಸಿಮ್ಮಿಗೆ ಸಿಗ್ನಲ್ ಸಿಕ್ಕಿದರೆ ಮಾತ್ರ. ಆ್ಯಪಲ್ ಕಂಪನಿಯ ಏರ್‌ಟ್ಯಾಗಿನಂತಹ ಬಿಲ್ಲೆಗಳು ಇನ್ನೂ ಅಗ್ಗ, ಆದರೆ ಅವು ಸುತ್ತಲಿನ ಫೋನುಗಳ ನೆರವಿನಿಂದ ಕೆಲಸ ಮಾಡುವುದರಿಂದ ಕಾಫಿ ತೋಟದ ನಡುವೆ ಮೌನವಾಗಿರುತ್ತವೆ. ಅಲ್ಲದೆ ಅಪರಿಚಿತ ಬಿಲ್ಲೆ ತನ್ನೊಂದಿಗೆ ಚಲಿಸುತ್ತಿದೆ ಎಂದು ಒಯ್ಯುತ್ತಿರುವವನ ಫೋನಿಗೇ ಸೂಚನೆ ಹೋಗುವ ಸಂಭವವೂ ಇದೆ. ಜಾಡು ಸಿಕ್ಕಿದರೆ ಅದನ್ನು ಪೊಲೀಸರಿಗೆ ಕೊಡಬೇಕು, ತಾನೇ ಹುಡುಕಿಕೊಂಡು ಹೋಗಬಾರದು.

ಗೆಳೆಯನ ಪ್ರಕರಣದಲ್ಲಿ ಲಾಡ್ಜಿನ ಮ್ಯಾನೇಜರು ಗೋಡೆಯ ಮೇಲಿನ ‘ವಾಹನಗಳು ಮಾಲೀಕರ ಜವಾಬ್ದಾರಿ’ ಎಂಬ ಫಲಕಕ್ಕೆ ಕೈತೋರಿಸಿ ಸುಮ್ಮನಾದರು. ದೆಹಲಿಯ ಒಂದು ಹೋಟೆಲಿನಿಂದ ಕಾರು ಕಳವಾದ ಪ್ರಕರಣದಲ್ಲಿ, ಕೀಲಿ ಪಡೆದು ತಾನೇ ವಾಹನ ನಿಲ್ಲಿಸಿದ ಹೋಟೆಲು ಅಂತಹ ಫಲಕದ ಹಿಂದೆ ಅಡಗಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೆ ನಮ್ಮ ಗಾಡಿಗಳ ಕೀಲಿ ನಮ್ಮ ಜೇಬಿನಲ್ಲೇ ಇದ್ದುದರಿಂದ ಆ ವಾದಕ್ಕೆ ಬಲ ಕಡಿಮೆ. ಠಾಣೆಯಲ್ಲಿ ದೂರು ಕೊಡುವುದು ಊಹಿಸಿದ್ದಕ್ಕಿಂತ ಸುಲಭವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಕಳವು ಯಾವ ಠಾಣೆಯ ಸರಹದ್ದಿನಲ್ಲಾಗಿದ್ದರೂ ಬೇರೆ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಎಲೆಕ್ಟ್ರಾನಿಕ್ ವಿಧಾನದಲ್ಲಿ ಕಳುಹಿಸಿದರೆ ಮಾಹಿತಿ ಕೊಟ್ಟವರು ಮೂರು ದಿನಗಳೊಳಗೆ ಅದಕ್ಕೆ ಸಹಿ ಹಾಕಬೇಕು. ಪ್ರವಾಸಿಗರಿಗೆ ಇದಕ್ಕಿಂತ ಉಪಯುಕ್ತವಾದ ನಿಯಮ ಇನ್ನೊಂದಿಲ್ಲ.

ಕಷ್ಟ ಶುರುವಾದದ್ದು ವಿಮೆಯಲ್ಲಿ. ಕಂಪನಿಯವರು ಗಾಡಿಯ ಎರಡೂ ಮೂಲ ಕೀಲಿಗಳನ್ನು ಕೇಳಿದರು. ಒಂದನ್ನು ಗೆಳೆಯ ಹಿಂದಿನ ವರ್ಷವೇ ಕಳೆದುಕೊಂಡಿದ್ದ, ಅದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಪೊಲೀಸರು ಪತ್ತೆಯಾಗಿಲ್ಲವೆಂದು ‘ಸಿ’ ರಿಪೋರ್ಟ್ ಹಾಕುವವರೆಗೆ ಕಡತ ಅಲುಗಲಿಲ್ಲ. ಕೊನೆಗೆ ಬಂದ ಹಣವೂ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿದಿತ್ತು: ಎರಡು ವರ್ಷ ದಾಟಿ ಮೂರು ತುಂಬದ ಗಾಡಿಗೆ ತಯಾರಕರು ನಿಗದಿ ಮಾಡಿದ ಮಾರಾಟ ಬೆಲೆಯಲ್ಲಿ ಶೇ. 30 ಸವಕಳಿ ಕಳೆಯುತ್ತಾರೆ. ಎಂದರೆ ಎರಡು ಲಕ್ಷದ ಗಾಡಿಗೆ ಒಂದು ಲಕ್ಷ ನಲವತ್ತು ಸಾವಿರ, ಮತ್ತು ಕಟ್ಟಿದ ರಸ್ತೆ ತೆರಿಗೆ ಅದರಲ್ಲಿ ಸೇರಿರುವುದಿಲ್ಲ. ಅವನು ಪೂರ್ಣ ವಿಮೆ ಮಾಡಿಸಿದ್ದ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದಿದ್ದರೆ ಕಳವಿಗೆ ಚಿಕ್ಕಾಸೂ ಸಿಗುತ್ತಿರಲಿಲ್ಲ. ಮೂಲ ಆರ್‌ಸಿಯನ್ನು ಗಾಡಿಯ ಸೈಡ್ ಬಾಕ್ಸಿನಲ್ಲಿ ಇಡುವ ಅಭ್ಯಾಸವನ್ನು ನಾವೆಲ್ಲರೂ ಅಂದೇ ಬಿಟ್ಟೆವು. ತಪಾಸಣೆಗೆ ಡಿಜಿಲಾಕರಿನ ಪ್ರತಿ ಸಾಕಾಗುತ್ತದೆ.

ಲಾಕಿಗೇ ಮರಳುವುದಾದರೆ, ಇದನ್ನು ಮತ್ತೆ ಕೊಳ್ಳುತ್ತೇನೆಯೇ ಎಂದು ಕೇಳಿದರೆ ಕೊಳ್ಳುತ್ತೇನೆ, ಸಿಕ್ಕಿದರೆ ನೀರು ನುಗ್ಗದ ಸೆಲ್ ಕೋಣೆ ಇರುವುದನ್ನು. ಮೂರು ಕೆ.ಜಿ. ಸರಪಳಿಯನ್ನು ಚಹಾಕ್ಕೆ ನಿಂತಾಗ ಯಾರೂ ಬಿಚ್ಚುವುದಿಲ್ಲ; ಇದನ್ನು ಜಾಕೆಟ್ಟಿನ ಜೇಬಿನಿಂದ ತೆಗೆದು ಹಾಕಲು ಹತ್ತು ಸೆಕೆಂಡು ಸಾಕು, ಆದ್ದರಿಂದ ಹಾಕುತ್ತೇನೆ. ಒಂದು ದೂರು ಮಾತ್ರ ಬಾಕಿ ಇದೆ. ಮೂರು ಕೀಲಿಗಳಲ್ಲಿ ಒಂದು ಗೋಕರ್ಣದ ಕುಡ್ಲೆ ಕಡಲತೀರದ ಮರಳಿನಲ್ಲಿ ಬಿದ್ದುಹೋಯಿತು. ಮೈಮೇಲೆ ಗುಳಿಗಳಿರುವ ಈ ಜಾತಿಯ ಕೀಲಿಗೆ ನಕಲು ಮಾಡಿಕೊಡಲು ನಮ್ಮ ಬಡಾವಣೆಯ ಕೀಲಿ ಸಾಬರು ಎರಡು ಬಾರಿ ಪ್ರಯತ್ನಿಸಿ, ಹಣವನ್ನೂ ಪಡೆಯದೆ ಕೈಚೆಲ್ಲಿದರು. ಈಗ ಒಂದು ಕೀಲಿ ನನ್ನ ಸೊಂಟದಲ್ಲಿದೆ, ಇನ್ನೊಂದು ಅಮ್ಮನ ಬೀರುವಿನಲ್ಲಿ, ಅರಿಶಿನದ ಡಬ್ಬಿಯ ಪಕ್ಕದಲ್ಲಿದೆ.